ಕಬ್ಬಿನ ಸೀಮೆಯಲ್ಲೊಂದು ಪಥ್ಯದ ಊರು

ಪುಣೆಯಿಂದ ಸೊಲ್ಲಾಪುರದ ಕಡೆಗೆ ಸಾಗುವ ಹೆದ್ದಾರಿಯು ಹಡಪಸರದ ಗದ್ದಲವನ್ನೂ ಲೋಣಿಯ ಎಣ್ಣೆ ಲಾರಿಗಳ ಸಾಲನ್ನೂ ಹಿಂದಿಕ್ಕಿದ ಮೇಲೆ ಪ್ರಯಾಣಿಕನ ಕಣ್ಣಿಗೆ ಹಸಿರು ಬೀಳತೊಡಗುತ್ತದೆ. ಖಡಕವಾಸ್ಲಾ ಜಲಾಶಯದಿಂದ ಹೊರಟ ಕಾಲುವೆ ಈ ಬಯಲಿಗೆ ನೀರುಣಿಸಿ ಇದನ್ನು ಕಬ್ಬಿನ ಸೀಮೆಯನ್ನಾಗಿ ಮಾಡಿದೆ. ಸುಗ್ಗಿಯ ಕಾಲದಲ್ಲಿ ಬಂದವರಿಗೆ ಕಬ್ಬು ತುಂಬಿದ ಗಾಡಿಗಳು ದಾರಿಗಡ್ಡವಾಗುವುದೂ, ಇನ್ನಷ್ಟು ಮುಂದೆ ದೌಂಡದ ಸೀಮೆಯ ಆಲೆಮನೆಗಳಿಂದ ಕಾಯುವ ಬೆಲ್ಲದ ಕಂಪು ತೇಲಿ ಬರುವುದೂ ಅಪೂರ್ವವಲ್ಲ. ಇಂಥ ಸಿಹಿಯ ನಡುವೆ, ಪುಣೆಯಿಂದ ಸುಮಾರು 30 ಕಿಲೋಮೀಟರಿನ ಮೇಲೆ, ಸಕ್ಕರೆಯನ್ನು ಕಂಡರೆ ಅಂಜುವ ಜನ ದೇಶದ ನಾನಾ ಮೂಲೆಗಳಿಂದ ಬಂದಿಳಿಯುವ ಊರೊಂದಿದೆ. ಅದೇ ಉರುಳಿ ಕಾಂಚನ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಪುಣೆಯ ಬಳಿ ಎರಡು ಉರುಳಿಗಳುಂಟು. ಸಾಸವಡದ ದಾರಿಯಲ್ಲಿರುವುದು ದೇವಾಚಿ ಉರುಳಿ. ಸೊಲ್ಲಾಪುರದ ದಾರಿಯದು ಕಾಂಚನ ಮನೆತನದ ಉರುಳಿ. ಬರೇ ‘ಉರುಳಿ’ ಎಂದು ಚೀಟಿ ಕೇಳಿ ಇನ್ನೆಲ್ಲಿಯೋ ಇಳಿದು ಹೊತ್ತು ಕಳೆದವರಿದ್ದಾರೆ.

ಕಲಬುರಗಿಯ ಕಡೆಯಿಂದ ಬರುವವರಿಗೆ ಪುಣೆಯವರೆಗೆ ಹೋಗಿ ಹಿಂದಿರುಗಬೇಕಾದ ಅಗತ್ಯವಿಲ್ಲ. ಸೊಲ್ಲಾಪುರ, ಕುರ್ಡುವಾಡಿಗಳನ್ನು ದಾಟಿ ದೌಂಡದಲ್ಲಿ ಇಳಿದು, ಪುಣೆಯ ಕಡೆಗೆ ಹೋಗುವ ಸಣ್ಣ ಗಾಡಿಯನ್ನು ಹಿಡಿದರೆ ಉರುಳಿಯ ನಿಲ್ದಾಣ ಸಿಗುತ್ತದೆ. ಸೊಲ್ಲಾಪುರದಲ್ಲಿ ಕನ್ನಡ ಮನೆಮಾತಿನವರು ಬಹಳ. ಹೀಗಾಗಿ ಈ ಗಾಡಿಗಳಲ್ಲಿ ಮರಾಠಿಯ ಜೊತೆಗೆ ಕನ್ನಡವೂ ಕಿವಿಗೆ ಬೀಳುತ್ತಿರುತ್ತದೆ. ಒಂದು ಮಾಘಮಾಸದ ಬೆಳಿಗ್ಗೆ ಹಾಗೆ ಬಂದಿಳಿದವರಲ್ಲಿ ಕಲಬುರಗಿಯ ಕಡೆಯ ಒಬ್ಬ ನಿವೃತ್ತ ಶಾಲಾ ಮಾಸ್ತರರೂ ಅವರ ಪತ್ನಿಯೂ ಇದ್ದರು. ಮಾಸ್ತರರ ವಯಸ್ಸು ಅರವತ್ತೊಂದು. ಸಕ್ಕರೆ ಕಾಯಿಲೆಯದು ಎಂಟು. ಅವರ ಅಣ್ಣನವರು ಇದೇ ಕಾಯಿಲೆಯಿಂದ ಒಂದು ಪಾದವನ್ನು ಕಳೆದುಕೊಂಡು ಮೂಲೆಯಲ್ಲಿ ಕುಳಿತಿದ್ದುದನ್ನು ಮನೆಯವರೆಲ್ಲ ನೋಡಿದ್ದರು. ರಸ್ತೆಯ ಇಬ್ಬದಿಗೂ ನಿಂತ ಕಬ್ಬನ್ನು ಕಂಡು ಮಾಸ್ತರರು ನಕ್ಕು ನುಡಿದರು:

“ಕಬ್ಬಿನ ನಡುವ ಕರಕೊಂಡು ಬಂದು ಸಕ್ಕರಿ ಬಿಡು ಅಂತಾರಲ್ಲ, ಇದೆಂಥಾ ನ್ಯಾಯ!”

ಪತ್ನಿ ನಗಲಿಲ್ಲ. “ನಿಮಗ ಕಾಲು ಬೇಕೋ ಬೆಲ್ಲ ಬೇಕೋ, ಅದನ್ನ ಮೊದಲು ಹೇಳ್ರಿ,” ಎಂದರು.

ಆಕೆ ಹಾಗೆನ್ನುವುದಕ್ಕೆ ಕಾರಣವಿತ್ತು. ಹಿಂದಿನ ಶ್ರಾವಣದಲ್ಲಿ ಮಾಸ್ತರರು ಯಾರೋ ಹೇಳಿದ್ದನ್ನು ಕೇಳಿ ಉಪವಾಸದಿಂದ ಕಾಯಿಲೆಯನ್ನೇ ನೀಗುವೆನೆಂದು ಹೊರಟರು. ಏಕಾದಶಿಯ ದಿನ ರೂಢಿಯಂತೆ ಬೆಳಗಿನ ಮಾತ್ರೆಯನ್ನು ನುಂಗಿ, ಅನ್ನಾಹಾರವನ್ನು ಮಾತ್ರ ಬಿಟ್ಟರು. ಹೊತ್ತೇರುವಷ್ಟರಲ್ಲಿ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲಿ, ದೇವರ ಕೋಣೆಯ ಹೊಸ್ತಿಲಲ್ಲೇ ಕುಸಿದರು. ಆ ದಿನ ಅವರನ್ನು ಉಳಿಸಿದ್ದು ಪತ್ನಿ ಅವಸರದಲ್ಲಿ ಕುಡಿಸಿದ ಸಕ್ಕರೆ ನೀರು. ಅಂದಿನಿಂದ ಆಕೆಯ ಸೆರಗಿನ ಗಂಟಿನಲ್ಲಿ ಒಂದು ಹರಳು ಕಲ್ಲುಸಕ್ಕರೆ ಸದಾ ಇರುತ್ತಿತ್ತು. ಉಪವಾಸ ಮಾಡಲೇಬೇಕೆಂದಿದ್ದರೆ ನೋಡಿಕೊಳ್ಳುವವರಿರುವ ಕಡೆ ಮಾಡಲಿ ಎಂದು ಹಟ ಹಿಡಿದು ಇಲ್ಲಿಗೆ ಕರೆತಂದವರು ಆಕೆಯೇ.

ಈ ಊರಿಗೆ ಪಥ್ಯದ ಕೀರ್ತಿ ಬಂದ ಕಥೆ ಸ್ವಾರಸ್ಯವಾಗಿದೆ. ಗಾಂಧೀಜಿಗೆ ನಿಸರ್ಗ ಚಿಕಿತ್ಸೆಯ ಹುಚ್ಚು ದಕ್ಷಿಣ ಆಫ್ರಿಕದ ದಿನಗಳಿಂದಲೂ ಇದ್ದಿತು. ಜರ್ಮನಿಯ ಲೂಯಿ ಕೂನೆಯ ಕಟಿಸ್ನಾನವನ್ನೂ ಅಡಾಲ್ಫ್ ಜುಸ್ಟನ ಮಣ್ಣಿನ ಪಟ್ಟಿಯನ್ನೂ ಅವರು ಮೊದಲು ತಮ್ಮ ಮೇಲೆ, ಬಳಿಕ ತಮ್ಮ ಮಕ್ಕಳ ಮೇಲೆ, ಆಮೇಲೆ ಆಶ್ರಮವಾಸಿಗಳ ಮೇಲೆ ಪ್ರಯೋಗಿಸಿ ನೋಡಿದವರು. ಪುಣೆಯಲ್ಲಿ ಡಾಕ್ಟರ್ ದಿನಶಾ ಮೆಹತಾ ಅವರು ನಡೆಸುತ್ತಿದ್ದ ನಿಸರ್ಗೋಪಚಾರದ ಆರೋಗ್ಯಧಾಮದಲ್ಲಿ ಅವರು ತಂಗುತ್ತಿದ್ದುದುಂಟು. ಅದನ್ನೇ ಬಡವರ ಚಿಕಿತ್ಸಾಲಯವನ್ನಾಗಿ ಮಾಡಬೇಕೆಂದು ಮೊದಲು ಯೋಚಿಸಿದರು. ಆದರೆ ನಗರದ ನಡುವೆ ಕುಳಿತು ಹಳ್ಳಿಯ ಬಡವನನ್ನು ಕರೆಯುವುದು ವ್ಯರ್ಥವೆಂದು ಬೇಗನೆ ಮನಗಂಡು, ತಾವು ತಪ್ಪಿದೆವೆಂದು ಒಪ್ಪಿಕೊಂಡು, ಹಳ್ಳಿಯನ್ನು ಹುಡುಕಿ ಹೊರಟರು. ಹಾಗೆ ಸಿಕ್ಕಿದ್ದು ಉರುಳಿ. 1946ರ ಮಾರ್ಚಿ ತಿಂಗಳ ಕೊನೆಯಲ್ಲಿ ಒಂದು ವಾರದಷ್ಟು ಕಾಲ ಇಲ್ಲಿ ನೆಲೆಸಿ, ಬಂದ ನೂರಾರು ರೋಗಿಗಳಿಗೆ ಬಿಸಿಲು, ನೀರು, ಮಣ್ಣು, ಹಣ್ಣಿನ ರಸ ಮತ್ತು ರಾಮನಾಮ ಇವಿಷ್ಟನ್ನೇ ಔಷಧವಾಗಿ ಕೊಟ್ಟರು. ಊರಿನ ಮಹಾದೇವ ತಾತ್ಯಾಬಾ ಕಾಂಚನ ಅವರು ನೆಲವನ್ನು ದಾನವಿತ್ತರು. ಆ ವರ್ಷ ಏಪ್ರಿಲ್ 1ರಂದು ನಿಸರ್ಗೋಪಚಾರ ಆಶ್ರಮ ಜನ್ಮ ತಾಳಿತು.

ಗಾಂಧೀಜಿ ದೇಶದ ಸ್ವಾತಂತ್ರ್ಯದ ಮಾತುಕತೆಗೆಂದು ದೆಹಲಿಗೆ ಹೊರಟುಹೋದರು. ಮತ್ತೆ ಇಲ್ಲಿ ನೆಲೆಸುವ ಯೋಗ ಅವರಿಗೆ ಬರಲಿಲ್ಲ. ಉಳಿದುಕೊಂಡವರು ಮಣಿಭಾಯಿ ದೇಸಾಯಿ ಎಂಬ ಗುಜರಾತಿ ತರುಣರು. ಆಗ ಅವರ ವಯಸ್ಸು ಇಪ್ಪತ್ತಾರರ ಆಸುಪಾಸು. ಈ ಹಳ್ಳಿಯಲ್ಲಿಯೇ ಬಾಳನ್ನು ಸವೆಸುವೆನೆಂದು ಗಾಂಧೀಜಿಗೆ ಮಾತು ಕೊಟ್ಟ ಅವರು 1993ರಲ್ಲಿ ತೀರಿಕೊಳ್ಳುವವರೆಗೂ ಆ ಮಾತಿಗೆ ತಪ್ಪಲಿಲ್ಲ. ವಿನೋಬಾ ಭಾವೆಯವರ ತಮ್ಮ ಬಾಲಕೋಬಾ ಅವರೂ ಇಲ್ಲಿ ಬಹುಕಾಲ ಇದ್ದರು. ರೋಗಿಗೆ ಪಥ್ಯವನ್ನು ಹೇಳಿದರಷ್ಟೇ ಸಾಲದು, ಹಳ್ಳಿಗೆ ಹಾಲು, ಹಣ್ಣು, ತರಕಾರಿ ಸಿಗಬೇಕು ಎಂಬುದು ಮಣಿಭಾಯಿಯವರಿಗೆ ಹೊಳೆಯಿತು. ಗೀರ್ ತಳಿಯ ಆಕಳುಗಳನ್ನು ತಂದು ಸಾಕಿದರು. ಬರಡು ನೆಲವನ್ನು ಹಸನುಮಾಡಿದರು. ಅದರಿಂದಲೇ 1967ರಲ್ಲಿ ಬಾಯಿಫ್ ಸಂಸ್ಥೆ ಹುಟ್ಟಿತು. ನಮ್ಮ ತಿಪಟೂರಿನ ಸೀಮೆಯ ರೈತರಿಗೆ ಈ ಹೆಸರು ಹೊಸತಲ್ಲ. 1982ರಲ್ಲಿ ಮಣಿಭಾಯಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ರೋಗಿಗಳಿಗೆಂದು ತಂದ ದನಗಳು ನಾಡಿಗೆಲ್ಲ ಹಾಲೆರೆಯುವ ಉದ್ಯಮಕ್ಕೆ ದಾರಿಯಾದದ್ದು ವಿಧಿಯ ವಿಲಾಸವೆನ್ನಬೇಕು.

ಆಶ್ರಮದ ದಿನಚರಿ ನಸುಕಿಗೆ ಮೊದಲಾಗುತ್ತದೆ. ಪ್ರಾರ್ಥನೆ, ಯೋಗಾಸನ, ಹೊಟ್ಟೆಯ ಮೇಲೆ ತಣ್ಣನೆಯ ಮಣ್ಣಿನ ಪಟ್ಟಿ, ಕಟಿಸ್ನಾನ, ಅಂಗಮರ್ದನ, ಉಗಿಸ್ನಾನ. ಯಾರಿಗೆ ಯಾವುದು ಎಂಬುದನ್ನು ವೈದ್ಯರು ನಿಶ್ಚಯಿಸುತ್ತಾರೆ. ಸುಖವಾಗಿ ಮಲಗಿ ಮಣ್ಣಿನ ತಂಪನ್ನು ಅನುಭವಿಸುವವನಿಗೆ ಈ ಮಣ್ಣೇ ತನ್ನ ಸಕ್ಕರೆಯನ್ನು ಹೀರಿಬಿಡುತ್ತದೆಂದು ತೋರಿದರೆ ಆಶ್ಚರ್ಯವಿಲ್ಲ. ಸತ್ಯವೇನೆಂದರೆ, ರಕ್ತದ ಸಕ್ಕರೆಯನ್ನು ಇಳಿಸುವ ಕೆಲಸದಲ್ಲಿ ಮಣ್ಣಿನ ಪಾಲು ಎಷ್ಟೆಂಬುದು ಗಟ್ಟಿಯಾಗಿ ಸಿದ್ಧವಾಗಿಲ್ಲ. ಮನಸ್ಸು ಶಾಂತವಾಗುತ್ತದೆ, ನಿದ್ರೆ ಚೆನ್ನಾಗಿ ಬರುತ್ತದೆ, ಅದೂ ಲಾಭವೇ. ಆದರೆ ನಿಜವಾದ ಭಾರವನ್ನು ಹೊರುವುದು ಬೇರೆ ಎರಡು ಸ್ಥಳಗಳು: ಒಂದು ಊಟದ ಮನೆ, ಇನ್ನೊಂದು ನಡೆದಾಡುವ ದಾರಿ.

ಊಟದ ಮನೆಯಲ್ಲಿ ಮಾಸ್ತರರಿಗೆ ಮೊದಲ ದಿನವೇ ಒಂದು ಸಮಾಧಾನವೂ ಒಂದು ದುಃಖವೂ ಆದುವು. ತಟ್ಟೆಯಲ್ಲಿ ಬಂದದ್ದು ಭಾಕರಿ, ಅಂದರೆ ಮನೆಯ ಜೋಳದ ರೊಟ್ಟಿಯೇ, ಇದು ಸಮಾಧಾನ. ಅದರ ಜೊತೆಗೆ ಎಣ್ಣೆ, ಖಾರ, ಉಪ್ಪುಗಳ ಸುಳಿವೇ ಇಲ್ಲದ ಬೆಂದ ತರಕಾರಿ, ಹಸಿ ಸೌತೆ, ತೆಳುವಾದ ಮಜ್ಜಿಗೆ; ಇದು ದುಃಖ. ಶೇಂಗಾ ಹಿಂಡಿಯಿಲ್ಲದ ರೊಟ್ಟಿಯನ್ನು ಅರವತ್ತು ವರ್ಷದಲ್ಲಿ ಅವರು ಉಂಡವರಲ್ಲ. ಸಂಜೆಯ ಊಟ ಹೊತ್ತು ಮುಳುಗುವ ಮೊದಲೇ ಮುಗಿದುಹೋಯಿತು. ರಾತ್ರಿ ಒಂಬತ್ತಕ್ಕೆ ಹಸಿವಾದಾಗ ಕೋಣೆಯಲ್ಲಿ ನೀರಿನ ತಂಬಿಗೆಯ ಹೊರತು ಬೇರೇನೂ ಇರಲಿಲ್ಲ.

ಜೋಳ, ನವಣೆ, ರಾಗಿಗಳನ್ನು ತಿಂದರೆ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ನಮ್ಮಲ್ಲಿ ಬಹಳವಾಗಿ ಹಬ್ಬಿದೆ. ಇದು ಅರ್ಧ ನಿಜ. ನಾರು ಹೆಚ್ಚಾಗಿರುವ ಧಾನ್ಯ ಬಿಳಿಯ ಅನ್ನಕ್ಕಿಂತ ನಿಧಾನವಾಗಿ ಜೀರ್ಣವಾಗುತ್ತದೆಂಬುದು ಸರಿ; ಆದರೆ ಐದು ರೊಟ್ಟಿ ಐದು ರೊಟ್ಟಿಯೇ. ಆಶ್ರಮದ ಪಥ್ಯದ ಗುಟ್ಟು ಧಾನ್ಯದ ಜಾತಿಗಿಂತ ಹೆಚ್ಚಾಗಿ ಅಳತೆಯಲ್ಲಿದೆ, ಹೊತ್ತಿನಲ್ಲಿದೆ, ತರಕಾರಿಯ ರಾಶಿಯಲ್ಲಿದೆ. ಹಾಗಲ, ಮೆಂತ್ಯ, ನೇರಳೆಬೀಜ ಇವುಗಳ ವಿಷಯದಲ್ಲಿಯೂ ಇಷ್ಟೇ ಎಚ್ಚರ ಬೇಕು. ತೊಂಡೆಯ ಎಲೆ ಮತ್ತು ಕಾಯಿಯ ಸಾರವನ್ನು ಹೊಸದಾಗಿ ಕಾಯಿಲೆ ಕಂಡವರಿಗೆ 90 ದಿನ ಕೊಟ್ಟು ಬೆಂಗಳೂರಿನಲ್ಲಿ ಮಾಡಿದ ಪರೀಕ್ಷೆಯೊಂದು 2008ರಲ್ಲಿ ಪ್ರಕಟವಾಯಿತು. ಸಕ್ಕರೆ ಅಷ್ಟಿಷ್ಟು ಇಳಿದದ್ದು ಕಂಡಿತು. ಅದರಿಂದ ತೊಂಡೆಕಾಯಿ ಪಲ್ಯವನ್ನು ಧೈರ್ಯವಾಗಿ ಉಣ್ಣಬಹುದೇ ಹೊರತು, ಮಾತ್ರೆಯ ಡಬ್ಬಿಯನ್ನು ಎಸೆಯುವಂತಿಲ್ಲ.

ಪಥ್ಯದಿಂದ ಈ ಕಾಯಿಲೆ ತಗ್ಗುತ್ತದೆಂಬ ತಿಳಿವು ನಿನ್ನೆಯದಲ್ಲ. 1870–71ರಲ್ಲಿ ಜರ್ಮನರು ಪ್ಯಾರಿಸ್ ನಗರವನ್ನು ಮುತ್ತಿದಾಗ ಜನ ಅನ್ನವಿಲ್ಲದೆ ಕಂಗಾಲಾದರು. ಆಗ ಬೂಶಾರ್ದಾ ಎಂಬ ಫ್ರೆಂಚ್ ವೈದ್ಯ ತನ್ನ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಕಡಿಮೆಯಾದುದನ್ನು ಗಮನಿಸಿದ. ಇನ್ಸುಲಿನ್ ಬರುವುದಕ್ಕೆ ಮೊದಲು ಅಮೆರಿಕದಲ್ಲಿ ಡಾಕ್ಟರ್ ಆಲೆನ್ ರೋಗಿಗಳನ್ನು ಎಲುಬಿನ ಹಂದರವಾಗುವವರೆಗೆ ಉಪವಾಸವಿರಿಸಿ ಕೆಲಕಾಲ ಜೀವ ಹಿಡಿದು ನಿಲ್ಲಿಸುತ್ತಿದ್ದ. ಮಕ್ಕಳಿಗೆ ಬರುವ ಬಗೆಯ ಮಧುಮೇಹದಲ್ಲಿ ಅದಕ್ಕಿಂತ ಹೆಚ್ಚಿನದನ್ನು ಯಾರಿಂದಲೂ ಮಾಡಲಾಗುತ್ತಿರಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಹದಿನಾಲ್ಕರ ಬಾಲಕನೊಬ್ಬನಿಗೆ ಇನ್ಸುಲಿನ್ನನ್ನು ಚುಚ್ಚಿದ ಮೇಲೆಯೇ ಆ ಮಕ್ಕಳಿಗೆ ಬದುಕು ದೊರೆತದ್ದು. ಅಂಥವರಿಗೆ ಇಂದಿಗೂ ಮಣ್ಣಾಗಲಿ ಉಪವಾಸವಾಗಲಿ ಇನ್ಸುಲಿನ್ನಿಗೆ ಬದಲಾಗಲಾರದು. ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವು.

ನಮ್ಮ ಸುಶ್ರುತ ಈ ಭೇದವನ್ನು ಆಗಲೇ ಕಂಡಿದ್ದನೆಂಬುದು ಹೆಮ್ಮೆಯ ವಿಷಯ. ಕೃಶನಾದ ರೋಗಿಯನ್ನು ಸದಾ ರಕ್ಷಿಸಬೇಕೆಂದು ಆತ ಬೇರೆಯಾಗಿ ಹೇಳುತ್ತಾನೆ. ಮೈ ತುಂಬಿದವನಿಗೆ ಕೊಟ್ಟ ಚಿಕಿತ್ಸೆ ಮಾತ್ರ ಸ್ವಾರಸ್ಯಕರ. ಬಡವನಾದರೆ ಕೆರವಿಲ್ಲದೆ, ಕೊಡೆಯಿಲ್ಲದೆ, ಭಿಕ್ಷಾನ್ನವನ್ನುಂಡು, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನಗಳಿಗೂ ಹೆಚ್ಚು ದೂರ ನಡೆಯಬೇಕು; ಇಲ್ಲವೇ ಆಕಳುಗಳ ಹಿಂದೆ ಅಲೆಯಬೇಕು; ಇಲ್ಲವೇ ಬಾವಿಯನ್ನು ತೋಡಬೇಕು. ಯೋಜನವೊಂದಕ್ಕೆ ಎಂಟು ಮೈಲಿಯೆಂದು ಹಿಡಿದರೂ ಎಂಟುನೂರು ಮೈಲಿಯಾಯಿತು! ಮಾಸ್ತರರು ಮನೆಯಿಂದ ಶಾಲೆಗೂ ಸೈಕಲ್ ಮೋಟಾರಿನಲ್ಲಿಯೇ ಹೋಗಿ ಬರುತ್ತಿದ್ದವರು.

ಸುಶ್ರುತನ ಈ ಮಾತಿನಲ್ಲಿ ಒಂದನ್ನು ಮಾತ್ರ ಇಂದಿನವರು ಬಿಡಬೇಕು. ಅದು ಕೆರವಿಲ್ಲದ ನಡಿಗೆ. ನಿಸರ್ಗ ಚಿಕಿತ್ಸೆಯ ಅಭಿಮಾನಿಗಳಲ್ಲಿ ಬೆಳಗಿನ ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆಯುವ ಪದ್ಧತಿಯುಂಟು. ಬಹುಕಾಲದ ಮಧುಮೇಹಿಯ ಪಾದಗಳು ಎಷ್ಟೋ ವೇಳೆ ಮರಗಟ್ಟಿರುತ್ತವೆ. ಮುಳ್ಳು ಹೊಕ್ಕರೂ ತಿಳಿಯದು, ಬಿಸಿನೀರು ಸುಟ್ಟರೂ ತಿಳಿಯದು. ಸಣ್ಣ ಗಾಯ ಹುಣ್ಣಾಗಿ, ಹುಣ್ಣು ಕೊಳೆತು ಕಾಲಿಗೇ ಬರುತ್ತದೆ. ಮಾಸ್ತರರ ಅಣ್ಣನವರಿಗೆ ಆದದ್ದೂ ಅದೇ; ದೇವಸ್ಥಾನದ ಪ್ರದಕ್ಷಿಣೆಯಲ್ಲಿ ಕಾದ ಕಲ್ಲು ಸುಟ್ಟದ್ದು ಅವರಿಗೆ ಮರುದಿನದವರೆಗೆ ಗೊತ್ತಾಗಿರಲಿಲ್ಲ. ಆದ್ದರಿಂದ ಉಳಿದ ರೋಗಿಗಳು ಹುಲ್ಲಿನ ಮೇಲೆ ಬರಿಗಾಲಿನಲ್ಲಿ ಸುತ್ತುತ್ತಿದ್ದಾಗ, ಮಾಸ್ತರರು ಪತ್ನಿಯ ಅಪ್ಪಣೆಯಂತೆ ಕಾಲುಚೀಲ ತೊಟ್ಟು, ಮೆತ್ತನೆಯ ಪಾದರಕ್ಷೆ ಮೆಟ್ಟಿ ಮಣ್ಣಿನ ಹಾದಿಯಲ್ಲಿ ನಡೆದರು. ರಾತ್ರಿ ಆಕೆ ದೀಪ ಹಿಡಿದು ಅವರ ಅಂಗಾಲನ್ನು ಪರೀಕ್ಷಿಸುವುದು ಮನೆಯಲ್ಲಿದ್ದಂತೆ ಇಲ್ಲಿಯೂ ತಪ್ಪಲಿಲ್ಲ.

ನಡೆದರೆ ಸಕ್ಕರೆ ಏಕೆ ಇಳಿಯುತ್ತದೆ? ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲುದು. ಊಟವಾದ ಮೇಲಿನ ಹದಿನೈದು ನಿಮಿಷದ ನಡಿಗೆಗೂ ಫಲವಿರುವುದು ಇದರಿಂದಲೇ. ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದ ಐನೂರಕ್ಕೂ ಹೆಚ್ಚು ಮಂದಿಯನ್ನು ಆಯ್ದು ಮದರಾಸಿನ ವೈದ್ಯರು ಮೂರು ವರ್ಷ ನಡೆಸಿದ ಪರೀಕ್ಷೆಯ ಫಲ 2006ರಲ್ಲಿ ಹೊರಬಿದ್ದಿತು. ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಅಂಟಿತು; ಆಹಾರ, ನಡಿಗೆಗಳನ್ನು ತಿದ್ದಿಕೊಂಡವರಲ್ಲಿ 39 ಮಂದಿಗೆ. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಕಾಯಿಲೆ ಬಂದು ಆರು ವರ್ಷ ದಾಟದ ಸ್ಥೂಲಕಾಯರಿಗೆ ವೈದ್ಯರ ಕಾವಲಿನಲ್ಲಿ ಕೆಲವು ತಿಂಗಳು ಬಹು ಮಿತವಾದ ಆಹಾರವನ್ನು ಕೊಟ್ಟರು. ವರ್ಷ ಕಳೆಯುವಷ್ಟರಲ್ಲಿ ನೂರಕ್ಕೆ 46 ಮಂದಿ ಔಷಧವಿಲ್ಲದೆಯೇ ಆರೋಗ್ಯದ ಅಳತೆಯೊಳಗೆ ಬಂದಿದ್ದರು. 15 ಕಿಲೋಗ್ರಾಮಿಗೂ ಹೆಚ್ಚು ತೂಕ ಇಳಿಸಿದವರಲ್ಲಿ ಆ ಸಂಖ್ಯೆ 86. ಇಳಿದ ತೂಕ ಮತ್ತೆ ಏರಿದವರಿಗೆ ಸಕ್ಕರೆಯೂ ಹಿಂದೆಯೇ ಬಂತೆಂಬುದನ್ನು ಮಾತ್ರ ಮರೆಯಬಾರದು.

ಸಂಜೆಯ ನಡಿಗೆಯಲ್ಲಿ ಊರಿನ ಜನ ರೋಗಿಗಳನ್ನು ಗುರುತಿಸಿ ದಾರಿಬಿಡುತ್ತಾರೆ. ಬಿಡುವಿನ ದಿನ ಹತ್ತಿರದ ಥೇವೂರಿಗೆ ಹೋಗಿಬರುವವರುಂಟು. ಅಷ್ಟವಿನಾಯಕರಲ್ಲಿ ಒಬ್ಬನಾದ ಚಿಂತಾಮಣಿ ಗಣಪತಿಯ ಸನ್ನಿಧಿ ಅದು. ಕನ್ನಡನಾಡಿನಲ್ಲಿ ಹೈದರಾಲಿಯೊಡನೆ ಸೆಣಸಿದ ಪೇಶ್ವೆ ಮಾಧವರಾಯ ಕ್ಷಯದಿಂದ ಬಳಲಿ, ಈ ಗಣಪತಿಯ ಎದುರಿನಲ್ಲಿಯೇ 1772ರ ನವೆಂಬರಿನಲ್ಲಿ ಕಣ್ಮುಚ್ಚಿದ. ಆಗ ಆತನಿಗೆ ಇಪ್ಪತ್ತೇಳು ವರ್ಷ. ಅರಸೊತ್ತಿಗೆಗೂ ದೊರೆಯದ ಔಷಧ ಇಂದು ಯಾವ ಸರ್ಕಾರಿ ಆಸ್ಪತ್ರೆಯಲ್ಲಿಯೂ ಸಿಗುತ್ತದೆಂಬುದನ್ನು ನೆನೆದರೆ, ಔಷಧವನ್ನೇ ವಿಷವೆಂದು ಹಳಿಯುವ ನಿಸರ್ಗವಾದಿಗಳ ಮಾತು ಅತಿಯೆನಿಸದಿರದು. ಚಿಂತಾಮಣಿಯ ಮುಂದೆ ಮಾಸ್ತರರು ಬಹಳ ಹೊತ್ತು ಕೈಮುಗಿದು ನಿಂತರು. ಪ್ರಸಾದವೆಂದು ಕೊಟ್ಟ ಪೇಡೆಯನ್ನು ಪತ್ನಿ ಇಬ್ಭಾಗ ಮಾಡಿ, ಹೆಸರುಕಾಳಿನಷ್ಟನ್ನು ಅವರ ಅಂಗೈಗೆ ಹಾಕಿ, ಉಳಿದುದನ್ನು ತಾವೇ ತಿಂದರು.

ಮಾತ್ರೆಯ ಪ್ರಶ್ನೆ ಬಂದ ಮೊದಲ ದಿನವೇ ಎದ್ದಿತ್ತು. ಎಲ್ಲವನ್ನೂ ಬಿಟ್ಟುಬಿಡುವ ಉತ್ಸಾಹ ಮಾಸ್ತರರದು. ವೈದ್ಯರು ಒಪ್ಪಲಿಲ್ಲ. ಆಹಾರ ಕಡಿಮೆಯಾದಂತೆ ಮಾತ್ರೆಯ ಬಲವೂ ಕಡಿಮೆಯಾಗಬೇಕು, ಆದರೆ ರಕ್ತವನ್ನು ದಿನವೂ ಅಳೆದು ನೋಡಿಯೇ ಆಗಬೇಕು ಎಂದರು. ಬಂದಾಗ ಬರಿಹೊಟ್ಟೆಯಲ್ಲಿ 190ರಷ್ಟಿದ್ದ ಸಕ್ಕರೆ ಹತ್ತನೆಯ ದಿನಕ್ಕೆ 138ಕ್ಕೆ ಇಳಿಯಿತು. ತೂಕದಲ್ಲಿ ಮೂರು ಕಿಲೋ ಕಳೆಯಿತು. ಎರಡು ಬಗೆಯ ಮಾತ್ರೆಗಳಲ್ಲಿ ಒಂದು ನಿಂತಿತು, ಇನ್ನೊಂದು ಉಳಿಯಿತು. ಎರಡೂ ನಿಲ್ಲಲಿಲ್ಲವೆಂದು ಮಾಸ್ತರರಿಗೆ ಕೊಂಚ ಮುಖ ಬಾಡಿತು. ಊರಿನಲ್ಲಿ ಸ್ನೇಹಿತರೆದುರು ಪಂಥ ಕಟ್ಟಿ ಬಂದಿದ್ದರೋ ಏನೋ! ಪತ್ನಿಗೆ ಮಾತ್ರ ಆ ರಾತ್ರಿ ಬಹುದಿನಗಳ ಮೇಲೆ ಒಳ್ಳೆಯ ನಿದ್ರೆ ಬಂದಿತು. ಹತ್ತೂ ದಿನ ಆಕೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಷ್ಟು ಹಿಟ್ಟಿಗೆ ಎಷ್ಟು ಭಾಕರಿ, ಯಾವ ಪಲ್ಯ ಎಷ್ಟು ಬೇಯಬೇಕು ಎಂಬುದನ್ನು ಕೇಳಿ, ಮೊಮ್ಮಗನ ಹಳೆಯ ಶಾಲಾ ಪುಸ್ತಕದ ಬೆನ್ನಿನಲ್ಲಿ ಬರೆದುಕೊಂಡಿದ್ದರು. ಆಶ್ರಮದಲ್ಲಿ ಇಳಿದ ಸಕ್ಕರೆ ಮನೆಯ ಹಬ್ಬಗಳಲ್ಲಿ ಏರುವುದೆಂಬುದು ಆಕೆಗೆ ಯಾರೂ ಹೇಳದೆಯೇ ತಿಳಿದಿತ್ತು. ಮುಂದಿನ ತಿಂಗಳೇ ಹೋಳಿ; ಹೋಳಿಗೆ ಹೋಳಿಗೆ.

ಹಿಂದಿರುಗುವಾಗ ದೌಂಡದಲ್ಲಿ ಕಲಬುರಗಿಯ ಗಾಡಿ ನಲವತ್ತು ನಿಮಿಷ ತಡವೆಂದು ತಿಳಿಯಿತು. ಚಿಕ್ಕಿ ಮಾರುವ ಹುಡುಗ ಬುಟ್ಟಿ ಹೊತ್ತು ಎದುರಿಗೆ ಬಂದು ನಿಂತ. ಮಾಸ್ತರರ ಕೈ ಜೇಬಿಗೆ ಹೋಯಿತು. ಪತ್ನಿ ಏನೂ ಆಡಲಿಲ್ಲ. ಬೇರೆಲ್ಲಿಯೋ ನೋಡುತ್ತ ಕುಳಿತರು. ಮಾಸ್ತರರು ಜೇಬಿನಿಂದ ಕರವಸ್ತ್ರವನ್ನು ತೆಗೆದು ಮುಖವೊರಸಿಕೊಂಡು, ಪಾದರಕ್ಷೆಯ ಪಟ್ಟಿಯನ್ನು ಬಿಗಿದು, ಪ್ಲಾಟ್‌ಫಾರಮ್ಮಿನ ಆ ತುದಿಯ ಕಡೆಗೆ ಹೆಜ್ಜೆ ಹಾಕಿದರು. ಗಾಡಿ ಬರುವಷ್ಟರಲ್ಲಿ ಆರು ಸುತ್ತು ಮುಗಿದು ಏಳನೆಯದು ನಡೆದಿತ್ತು.

“ಬರ್ರೀ, ಗಾಡಿ ಬಂತು!” ಎಂದು ಪತ್ನಿ ಚೀಲವನ್ನೆತ್ತಿಕೊಂಡು ಕೂಗಿದರು.